ಅಂಟಕ್ಕನ ಮೂರ್ಛೆಗೆ ಕಾದ ವಾರ

ನನ್ನ ನಾದಿನಿ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಅಚ್ಚಾಗಿ ಬಂದ ಫಾರಂಗಳನ್ನು, ಅಂದರೆ ಹಲವು ಪುಟಗಳ ದೊಡ್ಡ ಹಾಳೆಗಳನ್ನು, ಮಡಚಿ, ಸಾಲಾಗಿ ಜೋಡಿಸಿ, ಬೆನ್ನಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಹೊದಿಸಿ ಭಾರದ ಕೆಳಗೆ ಇಡುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದೇ ಅಂಗಡಿ, ಕಿಟಕಿ ಪಕ್ಕದ ಅದೇ ಬೆಂಚು. ಬೆರಳಿಗೆ, ತೋಳಿನ ಬಟ್ಟೆಗೆ, ಕೂದಲ ತುದಿಗೆ ಯಾವಾಗಲೂ ಅಂಟು ಮೆತ್ತಿಕೊಂಡಿರುತ್ತಿತ್ತು. ಹಾಗಾಗಿ ಅಂಗಡಿಯವರು ಅವಳನ್ನು ಅಂಟಕ್ಕ ಎಂದು ಕರೆದರು. ಅವಳ ಬಾಯಿಗೆ ಮಾತ್ರ ಯಾವ ಅಂಟೂ ಹಿಡಿಯಲಿಲ್ಲ. ಬೆಳಿಗ್ಗೆ ಶುರುವಾದ ಮಾತು ಸಂಜೆ ಬೆಂಚು ಒರೆಸುವವರೆಗೂ ನಡೆದೇ ಇರುತ್ತಿತ್ತು.

ಹುಡುಗಿಯಾಗಿದ್ದಾಗಿನಿಂದಲೇ ಅವಳಿಗೆ ಮೂರ್ಛೆರೋಗ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. "ಅದು" ಎನ್ನುತ್ತಿದ್ದೆವು. ಅದು ಬಂತು, ಅದು ಹೋಯಿತು, ಅದು ಬಂದು ತಿಂಗಳಾಯಿತು ಎಂದು, ಯಾರೋ ಬೇಡದ ನೆಂಟರ ಸುದ್ದಿ ಮಾತಾಡಿದ ಹಾಗೆ. ಅದು ಬರುವಾಗ ಮೊದಲು ನಿಲ್ಲುವುದು ಅವಳ ಮಾತು. ಹೇಳುತ್ತಿದ್ದ ವಾಕ್ಯ ಅರ್ಧದಲ್ಲಿ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಆದರೆ ಎದುರಿಗಿರುವವರನ್ನು ದಾಟಿ ಗೋಡೆಯನ್ನು ನೋಡುತ್ತಿರುತ್ತದೆ. ತುಟಿ ಏನನ್ನೋ ಜಗಿಯುವ ಹಾಗೆ ಆಡುತ್ತದೆ. ಕೆಲವು ಸಲ ಅಷ್ಟಕ್ಕೇ ಮುಗಿಯುತ್ತದೆ, ಕೆಲವು ಸಲ ಇಡೀ ಮೈ ಸೆಟೆದು ನೆಲಕ್ಕೆ ಬೀಳುತ್ತಾಳೆ. ಎದ್ದ ಮೇಲೆ ಅವಳಿಗೆ ಒಂದಿಷ್ಟೂ ನೆನಪಿರುವುದಿಲ್ಲ. "ಏನಾಯ್ತು? ಯಾಕೆ ಎಲ್ಲರೂ ಹೀಗೆ ನಿಂತಿದ್ದೀರಿ?" ಎಂದು ನಮ್ಮನ್ನೇ ಕೇಳುತ್ತಾಳೆ.

ಅವಳ ಗಂಡ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾನೆ. ನನ್ನನ್ನು ಅಕ್ಕ ಎನ್ನುತ್ತಾನೆ, ನಾನು ಅವನನ್ನು ತಮ್ಮ ಎನ್ನುತ್ತೇನೆ. ಹೆಂಡತಿಯ ಜೊತೆ ಹೊರಗೆ ಹೊರಟರೆ, ಎಂಥ ಸೆಕೆಯಿದ್ದರೂ, ಹೆಗಲ ಮೇಲೆ ಕಂದು ಬಣ್ಣದ ದೊಡ್ಡ ಶಾಲು ಇಲ್ಲದೆ ಹೊರಡುತ್ತಿರಲಿಲ್ಲ. ದಾರಿಯಲ್ಲಿ ಅದು ಬಂದರೆ ಅವಳನ್ನು ಮೆಲ್ಲಗೆ ನೆಲಕ್ಕೆ ಕೂರಿಸಿ, ಪಕ್ಕಕ್ಕೆ ಒರಗಿಸಿ, ತಲೆಯಿಂದ ಸೊಂಟದವರೆಗೆ ಶಾಲು ಹೊದಿಸಿ, ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. "ಏನಿಲ್ಲ, ಏನಿಲ್ಲ, ತಲೆ ಸುತ್ತು ಅಷ್ಟೆ. ನೀವು ಹೋಗಿ," ಎನ್ನುತ್ತಿದ್ದ. ಯಾರಾದರೂ ಬಗ್ಗಿ ನೋಡಿದರೆ ಅವರ ಮುಖದ ಮುಂದೆ ಕೈ ಅಡ್ಡ ಇಡುತ್ತಿದ್ದ. ಹೆಂಡತಿ ಬಿದ್ದದ್ದನ್ನು ಒಬ್ಬರೂ ನೋಡಬಾರದು, ಅಷ್ಟೇ ಅವನ ಹಟ. ಆ ಶಾಲು ಅವನಿಗೆ ಅಂಗಿಯ ಹಾಗೆ ಆಗಿಹೋಗಿತ್ತು.

ನನ್ನ ಯಜಮಾನರು ಹೋದ ಮೇಲೆ ನಾನು ಇವರ ಮನೆಯಲ್ಲೇ ಇದ್ದೇನೆ. ಅವರು ಹೋದದ್ದು ಪಾರ್ಶ್ವವಾಯುವಿನಿಂದ. ಒಂದು ಬೆಳಿಗ್ಗೆ ಅವರ ಬಲಗೈ ಬಿತ್ತು, ಜೊತೆಗೆ ಮಾತೂ ಬಿತ್ತು. ಒಂದೇ ಒಂದು ಮಾತು ಉಳಿಯಿತು, "ಆಯ್ತು". ನೀರು ಬೇಕಿದ್ದರೂ ಆಯ್ತು, ನೋವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಸಾಯುವವರೆಗೂ ಹಾಗೆಯೇ. ಅದಕ್ಕೇ ನನಗೆ ತಲೆಗೆ ಸಂಬಂಧಪಟ್ಟ ಯಾವ ಮಾತು ಬಂದರೂ ಹೆದರಿಕೆಯಾಗುತ್ತದೆ.

ಎರಡು ವರ್ಷಗಳಿಂದೀಚೆಗೆ ನಾದಿನಿಯ ರೋಗ ಜೋರಾಯಿತು. ಮಾತ್ರೆ ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಎರಡು ಮೂರು ಸೇರಿಸಿ ಕೊಟ್ಟರು. ಅಂಗಡಿಯಲ್ಲಿ ದೊಡ್ಡ ಅಲಗಿನ ಕಟಿಂಗ್ ಮೆಷಿನ್ ಹತ್ತಿರ ನಿಂತಿದ್ದಾಗ ಒಂದು ಸಲ ಬಂತು. ಕಾಗದದ ದಪ್ಪ ಕಟ್ಟಿನ ಮೇಲೆ ಅವಳ ಕೈ ಇತ್ತು. ಪಕ್ಕದವನು ಎಳೆದುಕೊಳ್ಳದೆ ಹೋಗಿದ್ದರೆ ಏನಾಗುತ್ತಿತ್ತೆಂದು ನಾನು ಇವತ್ತಿಗೂ ಪೂರ್ತಿ ಯೋಚಿಸಿಲ್ಲ. ಅದಾದ ಮೇಲೆ ಮನೆಯಲ್ಲೇ ಒಂದು ಬಂತು, ನಿಲ್ಲಲೇ ಇಲ್ಲ. ತುಟಿ ನೀಲಿಯಾಯಿತು. ವ್ಯಾನಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿ ಸೂಜಿ ಚುಚ್ಚಿ ನಿಲ್ಲಿಸಿದವರು ಹೇಳಿದರು, ಇಂಥದ್ದು ಇನ್ನೊಂದು ಬಂದರೆ ಇವರು ವಾಪಸ್ ಬರುತ್ತಾರೆಂದು ಹೇಳಲಾಗುವುದಿಲ್ಲ ಎಂದು.

ಹಾಗೆ ನಾವು ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋದದ್ದು. ಯಾವ ಮಾತ್ರೆಗೂ ಬಗ್ಗದ ಮೂರ್ಛೆಯ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ಸಣ್ಣ ದನಿಯವರು. ಒಂದು ಮಾತು ಹೇಳಿ, ಅದು ನಮಗೆ ತಲುಪಿತೇ ಎಂದು ನೋಡಿ, ಆಮೇಲೆ ಮುಂದಿನ ಮಾತು ಹೇಳುತ್ತಿದ್ದರು.

"ಫಿಟ್ಸ್ ಬರೋವಾಗ ತಲೆಯೊಳಗೆ ಎಲ್ಲೋ ಒಂದು ಕಡೆ ಮೊದಲು ಹೊತ್ತಿಕೊಳ್ಳುತ್ತೆ. ಆಮೇಲೆ ಎಲ್ಲಾ ಕಡೆ ಹರಡುತ್ತೆ. ಆ ಮೊದಲ ಜಾಗ ಸ್ಕ್ಯಾನಲ್ಲಿ ಕಾಣ್ತಿಲ್ಲ. ಅದಕ್ಕೆ ಫಿಟ್ಸ್ ಬರೋವಾಗಲೇ ಅದನ್ನ ಹಿಡೀಬೇಕು."

"ಹಿಡಿದು ಏನ್ ಮಾಡ್ತೀರಿ?" ಎಂದಳು ನಾದಿನಿ.

"ಆ ಜಾಗ ಮಿದುಳಲ್ಲಿ ಮಾತು ಇರೋ ಕಡೆ ಅಲ್ಲ ಅಂತಾದ್ರೆ ಆಪರೇಷನ್ ಮಾಡಿ ಆ ಚೂರನ್ನ ತೆಗೀಬಹುದು. ತೆಗೆದವರು ಆಮೇಲೆ ಹೇಗಿರ್ತಾರೆ ಅಂತ ವರ್ಷಗಟ್ಟಲೆ ನೋಡ್ತೀವಿ. ಅದೇ ನಮ್ಮ ಅಧ್ಯಯನ. ಮಾತು ಇರೋ ಕಡೆಯೇ ಆಗಿದ್ರೆ ನಿಮ್ಮನ್ನ ಸೇರಿಸಿಕೊಳ್ಳೋಕೆ ಆಗಲ್ಲ."

ಮಾತು ಎಂದದ್ದೇ ತಡ, ನನಗೆ ಯಜಮಾನರ ಬಾಯಿ ಕಣ್ಣ ಮುಂದೆ ಬಂತು. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ.

"ಹಿಡಿಯೋದು ಹೇಗೆ?" ಎಂದ ತಮ್ಮ.

"ಒಂದು ವಾರ ಇಲ್ಲಿ ಇರಬೇಕು. ತಲೆಗೆ ತಂತಿ ಹಚ್ಚಿರ್ತೀವಿ, ಕ್ಯಾಮೆರಾ ಇರುತ್ತೆ. ಮಾತ್ರೆ ಕಮ್ಮಿ ಮಾಡ್ತಾ ಬಂದು ನಿಲ್ಲಿಸ್ತೀವಿ. ಬರೋ ಹಾಗೆ ಮಾಡ್ತೀವಿ."

ತಮ್ಮ ಕುರ್ಚಿ ಬಿಟ್ಟು ಎದ್ದ. "ಮಾತ್ರೆ ತಗೊಂಡ್ರೇನೇ ಹೀಗೆ. ನಿಲ್ಲಿಸಿದ್ರೆ ಸತ್ತೇಹೋಗ್ತಾಳೆ."

"ಅಪಾಯ ಇಲ್ಲ ಅಂತ ನಾನು ಹೇಳಲ್ಲ," ಎಂದರು ಡಾಕ್ಟರಮ್ಮ. "ಸೂಜಿ ಪಕ್ಕದಲ್ಲೇ ತುಂಬಿಟ್ಟಿರ್ತೀವಿ. ನಾವು ಪಕ್ಕದ ಕೋಣೆಯಲ್ಲೇ ಇರ್ತೀವಿ. ಒಂದು ವಾರಕ್ಕಿಂತ ಹೆಚ್ಚು ಆ ಹಾಸಿಗೆ ಕೊಡೋಕೆ ಆಗಲ್ಲ, ಕಾದಿರೋರು ತುಂಬಾ ಜನ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಬೇಡ ಅಂದ್ರೂ ಚಿಕಿತ್ಸೆ ಏನೂ ನಿಲ್ಲಲ್ಲ."

ನಾದಿನಿ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. "ಇಷ್ಟು ವರ್ಷ ಬರಬೇಡ ಬರಬೇಡ ಅಂದೆ, ಕರೀದೇ ಬಂತು. ಈಗ ಮರ್ಯಾದೆ ಕೊಟ್ಟು ಕರೀತಿದ್ದೀವಿ, ಬರದೆ ಸತಾಯಿಸುತ್ತೆ ನೋಡ್ತಿರಿ," ಎಂದು ನಕ್ಕಳು. ನಗುತ್ತಲೇ ನನ್ನ ಸೆರಗಿನ ತುದಿ ಹಿಡಿದುಕೊಂಡಳು.

ಆ ಕೋಣೆ ಚಿಕ್ಕದು. ಹಾಸಿಗೆಯ ಎರಡೂ ಬದಿಗೆ ಸರಳು, ಸರಳಿಗೆ ದಪ್ಪ ಮೆತ್ತೆ ಸುತ್ತಿದ್ದರು. ಎದುರು ಗೋಡೆಯಲ್ಲಿ ಮೇಲೆ ಕ್ಯಾಮೆರಾ, ಅದರ ಪಕ್ಕ ಕೆಂಪು ಚುಕ್ಕೆಯಷ್ಟು ಬೆಳಕು. ಕಿಟಕಿಯಿಂದ ಕಾಣುತ್ತಿದ್ದದ್ದು ಆಂಬುಲೆನ್ಸುಗಳು ನಿಲ್ಲುವ ಅಂಗಳ. ತಂತಿ ಹಚ್ಚುವ ಹುಡುಗಿ ಬಂದು ನಾದಿನಿಯ ಕೂದಲನ್ನು ಸೀಳುಸೀಳಾಗಿ ಬಿಡಿಸಿ, ಅಳತೆ ಪಟ್ಟಿ ಹಿಡಿದು ಗುರುತು ಹಾಕಿ, ಒಂದೊಂದು ಗುರುತಿಗೂ ಬಟನ್ನಿನಂಥ ಬಿಲ್ಲೆ ಅಂಟಿಸುತ್ತಾ ಹೋದಳು.

"ಏನಮ್ಮಾ, ಇಷ್ಟು ಕಮ್ಮಿ ಅಂಟು ಹಚ್ತೀಯ? ನಾಳೆ ಅಂಚು ಎದ್ದುಬಿಡುತ್ತೆ. ನನ್ನ ಅಂಗಡಿಯಲ್ಲಿ ಹೀಗೆ ಮಾಡಿದ್ರೆ ಬೈತಿದ್ದೆ."

"ನನ್ನ ಅಂಟು ಏಳಲ್ಲ ಆಂಟಿ. ತೆಗೆಯೋ ದಿನ ನೀವೇ ಅಳ್ತೀರಿ, ನೋಡಿ ಬೇಕಾದ್ರೆ."

ಅವಳು ಹೇಳಿದ್ದೇ ನಿಜವಾಯಿತು. ಒಂದೂ ಏಳಲಿಲ್ಲ. ನಾದಿನಿ ಮರುದಿನ ಬೆರಳಿನಿಂದ ಅಂಚು ತಡವಿ ನೋಡಿ, "ಅಂಗಡಿಗೆ ಬಾ ಹುಡುಗಿ, ಕೆಲಸ ಕೊಡಿಸ್ತೀನಿ," ಎಂದಳು.

ಎಲ್ಲ ಹಚ್ಚಿದ ಮೇಲೆ ಆ ಹುಡುಗಿ ನಮ್ಮಿಬ್ಬರಿಗೆ ಪಾಠ ಮಾಡಿದಳು. ಮಾತು ನಿಂತದ್ದು ಕಂಡ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೊದಿಕೆ ಪೂರ್ತಿ ತೆಗೆಯಬೇಕು, ಎರಡೂ ಕೈ, ಎರಡೂ ಕಾಲು ಕಾಣಬೇಕು. ಕ್ಯಾಮೆರಾಕ್ಕೆ ಅಡ್ಡ ನಿಲ್ಲಬಾರದು. ಅವಳನ್ನು ಅದುಮಿ ಹಿಡಿಯಬಾರದು. ಹೆಸರು ಕೇಳಬೇಕು, ಏನಾದರೂ ವಸ್ತು ತೋರಿಸಿ ಇದೇನು ಎಂದು ಕೇಳಬೇಕು.

"ಆ ಹೊತ್ತಲ್ಲಿ ಅವಳು ಎಲ್ಲಿ ಮಾತಾಡ್ತಾಳೆ? ಮಾತು ನಿಂತೇಹೋಗುತ್ತಲ್ಲ," ಎಂದ ತಮ್ಮ.

"ಮಾತಾಡ್ತಾರೋ ಇಲ್ವೋ ಅನ್ನೋದೇ ನಮಗೆ ಬೇಕಾಗಿರೋದು ಅಂಕಲ್."

ಮಾತ್ರೆ ಅರ್ಧವಾಯಿತು, ಕಾಲಾಯಿತು, ಒಂದು ಬೆಳಿಗ್ಗೆ ತಟ್ಟೆಯಲ್ಲಿ ಬರಲೇ ಇಲ್ಲ. ಅಲ್ಲಿಂದ ನಾನು ಅವಳ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದರೆ ಗುಂಡಿಯ ಮೇಲೆ ನನ್ನ ಹೆಬ್ಬೆರಳು ಬಿಗಿಯಾಗುತ್ತಿತ್ತು. ಆಕಳಿಸಿದರೆ ಎದ್ದು ನಿಲ್ಲುತ್ತಿದ್ದೆ. ಬರಲಿ ಎಂದು ಕಾಯುವುದೂ ನಾವೇ, ಬಂದೀತೆಂದು ಹೆದರುವುದೂ ನಾವೇ. ಒಂದೇ ಎದೆಯಲ್ಲಿ ಎರಡನ್ನೂ ಇಟ್ಟುಕೊಂಡು ಕೂರುವುದೆಂದರೆ ಏನೆಂದು ಅಲ್ಲಿ ಗೊತ್ತಾಯಿತು.

"ಅತ್ತಿಗೆ, ಸ್ವಲ್ಪ ಆ ಕಡೆ ನೋಡಿ. ಹೆದರೋದೆಲ್ಲ ನೀವೇ ಹೆದರಿದ್ರೆ ನನಗೆ ಹೆದರೋಕೆ ಎಲ್ಲಿ ಉಳೀತು?" ಎಂದಳು ಅವಳು.

ಮೊದಲನೆಯದು ಬಂದದ್ದು ಮಧ್ಯಾಹ್ನ. ವ್ಯಾನಿನ ಮಕ್ಕಳನ್ನು ಶಾಲೆಗೆ ಬಿಟ್ಟು ತಮ್ಮ ಬಂದು ನನ್ನ ಜಾಗದಲ್ಲಿ ಕೂತಿದ್ದ. ಗುಂಡಿ ಅವನ ಕೈಗೆ ಕೊಟ್ಟು ನಾನು ಲೋಟ ತೊಳೆಯಲು ಹೊರಗಿನ ನಲ್ಲಿಗೆ ಹೋದೆ. ಲೋಟ ಹಿಡಿದು ತಿರುಗುವಷ್ಟರಲ್ಲಿ ತಂತಿ ಹಚ್ಚುವ ಹುಡುಗಿ ನನ್ನನ್ನು ತಳ್ಳಿಕೊಂಡೇ ಒಳಗೆ ಓಡಿದಳು. ನಾನೂ ಓಡಿದೆ.

ತಮ್ಮ ಹಾಸಿಗೆಯ ಮೇಲೆ ಬಗ್ಗಿ ನಿಂತಿದ್ದ. ಬೆನ್ನು ಕ್ಯಾಮೆರಾದ ಕಡೆಗಿತ್ತು. ಅವನ ಶಾಲು ನಾದಿನಿಯ ತಲೆಯಿಂದ ಸೊಂಟದವರೆಗೆ ಮುಚ್ಚಿತ್ತು. ಶಾಲಿನ ಕೆಳಗೆ ಏನೋ ಅಲುಗುತ್ತಿತ್ತು. ಗುಂಡಿ ನೆಲದ ಮೇಲೆ ಬಿದ್ದಿತ್ತು. ಅವನು ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇಲ್ಲದಿದ್ದರೂ ಒಂದು ಕೈ ಹಿಂದಕ್ಕೆ ಬೀಸಿ, "ಏನಿಲ್ಲ, ಏನಿಲ್ಲ, ನೀವು ಹೋಗಿ, ತಲೆ ಸುತ್ತು ಅಷ್ಟೆ," ಎನ್ನುತ್ತಿದ್ದ.

"ಅಂಕಲ್, ಶಾಲು ತೆಗೀರಿ! ಆಚೆ ಬನ್ನಿ!"

ಅವನಿಗೆ ಕೇಳಿಸಲೇ ಇಲ್ಲ. ಆ ಹುಡುಗಿ ತೋಳು ಹಿಡಿದು ಎಳೆದ ಮೇಲೆ ಬದಿಗೆ ಬಂದ. ಅಷ್ಟರಲ್ಲಿ ಮುಗಿದಿತ್ತು. ನಾದಿನಿ ಗೊರಕೆ ಹೊಡೆಯುತ್ತಾ ಮಲಗಿದ್ದಳು.

ಡಾಕ್ಟರಮ್ಮ ಬಂದು ಪಕ್ಕದ ಕೋಣೆಯಲ್ಲಿ ಎಲ್ಲವನ್ನೂ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಮೈ ಅಲುಗಾಡಿದ್ದಕ್ಕೆ ತಂತಿಯ ಗೆರೆಗಳು ಕಲಸಿಹೋಗಿವೆ. ಕೈ ನೋಡಿದ್ರೆ ಯಾವ ಕಡೆ ಅಂತ ಹೇಳಬಹುದಿತ್ತು, ಕೈ ಕಾಣ್ತಿಲ್ಲ. ಇನ್ನೊಂದು ಬರಬೇಕು," ಎಂದರು.

ಇನ್ನೊಂದು ಬರಬೇಕು. ಆ ಮಾತು ಕೇಳಿ ತಮ್ಮ ಕೋಣೆಯಿಂದ ಹೊರಗೆ ಹೋದ. ನಾನು ಹಿಂದೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ನನ್ನನ್ನ ಮನೆಗೆ ಕಳಿಸಿಬಿಡಿ ಅಕ್ಕ. ನನ್ನ ಕೈ ನನ್ನ ಮಾತು ಕೇಳಲ್ಲ. ಆ ಹುಡುಗಿ ಹೇಳಿದ್ದೆಲ್ಲ ನೆನಪಿತ್ತು. ಆದ್ರೆ ಅವಳ ಕಣ್ಣು ಹಾಗಾದ ತಕ್ಷಣ ರಸ್ತೆಯಲ್ಲಿ ಇದ್ದೀವಿ ಅನ್ನಿಸಿಬಿಡ್ತು. ಯಾರೋ ನೋಡ್ತಿದ್ದಾರೆ ಅನ್ನಿಸ್ತು."

"ನೋಡಲಿ ಅಂತ್ಲೇ ಅಲ್ವಾ ತಮ್ಮ ಇಲ್ಲಿಗೆ ಬಂದಿರೋದು?"

"ಗೊತ್ತು ಅಕ್ಕ. ಗೊತ್ತಿದ್ರೂ ಆಗಲಿಲ್ಲ."

ಅವನನ್ನು ಮನೆಗೆ ಕಳಿಸೋಣವೆಂದೇ ನನಗೂ ಅನ್ನಿಸಿತು. ನಾದಿನಿ ಎದ್ದು, ನಡೆದದ್ದನ್ನೆಲ್ಲ ಕೇಳಿ, ಒಂದಿಷ್ಟು ಹೊತ್ತು ಸುಮ್ಮನಿದ್ದಳು. ಆ ಸುಮ್ಮನಿರುವಿಕೆಗೆ ನಾವಿಬ್ಬರೂ ಒಟ್ಟಿಗೆ ಮುಂದೆ ಬಾಗಿದೆವು.

"ಅಯ್ಯೋ, ಇದು ಅದಲ್ಲ. ಯೋಚನೆ ಮಾಡ್ತಿದ್ದೀನಿ," ಎಂದು ರೇಗಿದಳು. "ಇವರು ಇಲ್ಲೇ ಇರಲಿ. ಇವರಿಲ್ಲದೆ ನನಗೆ ಧೈರ್ಯ ಇಲ್ಲ. ಶಾಲು ಅತ್ತಿಗೆ ಹತ್ತಿರ ಇರಲಿ. ಇವರು ಕಾಲ ಹತ್ತಿರ ಕೂತು ಆ ಸರಳು ಹಿಡ್ಕೊಳ್ಳಲಿ. ವ್ಯಾನಿನ ಸ್ಟೀರಿಂಗ್ ಅಂದ್ಕೊಳ್ರೀ. ಏನಾದ್ರೂ ಬಿಡಬೇಡಿ. ಬಿಟ್ರೆ ಮಕ್ಕಳ ಸಮೇತ ಹಳ್ಳಕ್ಕೆ ಬೀಳ್ತೀರಿ."

ಅವನು ಅಂದಿನಿಂದ ಹಾಗೆಯೇ ಕೂತ. ಬೇರೆ ಯಾರನ್ನೋ ವ್ಯಾನಿಗೆ ಹಾಕಿ ಕೆಲಸಕ್ಕೆ ರಜೆ ತೆಗೆದುಕೊಂಡ.

ಬರಲಿಲ್ಲ. ಇಡೀ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಅವಳನ್ನು ನಿದ್ದೆಗೆಡಿಸಿ ಕೂರಿಸಿದರು, ಕಣ್ಣ ಮುಂದೆ ಮಿಣಮಿಣ ದೀಪ ಹಾಕಿದರು. ಬರಲಿಲ್ಲ. ವಾರ ಮುಗಿಯುತ್ತಾ ಬಂತು. ಬಾರದೆ ಹೋದರೆ ತಂತಿ ಬಿಚ್ಚಿ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಆ ಹಳೆಯ ಮಾತ್ರೆಗಳು, ಆ ನೀಲಿ ತುಟಿ, ವಾಪಸ್ ಬಾರದಂಥ ಇನ್ನೊಂದು ಯಾವತ್ತು ಬಂದೀತೆಂಬ ಯೋಚನೆ. ಬಂದರೆ, ಮಾತ್ರೆ ಇಲ್ಲದ ಮೈಯಲ್ಲಿ ಅದು ನಿಲ್ಲದೇ ಹೋಗಬಹುದು. ತಟ್ಟೆಯಲ್ಲಿ ತುಂಬಿಟ್ಟ ಸೂಜಿಯ ಮೇಲೆ ಬಿಳಿ ಬಟ್ಟೆ ಮುಚ್ಚಿದ್ದರು. ನರ್ಸು ದಿನಾ ಬಂದು ಹಳೆಯ ಸೂಜಿ ತೆಗೆದು ಹೊಸದು ಇಡುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ನಿಲ್ಲದೇ ಹೋಗುವುದಕ್ಕಿಂತಲೂ ನನಗೆ ಹೆಚ್ಚು ಹೆದರಿಕೆ ಇದ್ದದ್ದು ಒಂದಕ್ಕೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಮಾತಿನ ಕಡೆಯೇ ಕೆಟ್ಟಿದ್ದರೆ? ಇಷ್ಟೊಂದು ಮಾತಾಡುವವಳ ಬಾಯಲ್ಲಿ ನಾಳೆ ಒಂದೇ ಮಾತು ಉಳಿದರೆ?

ಕೊನೆಗೆ ಬಂದದ್ದು ಒಂದು ಬೆಳಿಗ್ಗೆ, ನಾವು ನಗುತ್ತಿದ್ದಾಗ. ಅಂಗಡಿಯ ಯಜಮಾನ ಒಮ್ಮೆ ಒಂದು ದೊಡ್ಡ ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಕಟ್ಟಿ, ಕೊಂಡವನು ಬಂದು ಜಗಳ ತೆಗೆದ ಕಥೆ ಹೇಳುತ್ತಿದ್ದಳು.

"ಆಗ ನಮ್ಮ ಯಜಮಾನ ಏನಂದ ಗೊತ್ತಾ? ಸ್ವಾಮೀ, ನೀವು ಪುಸ್ತಕನ..."

ಅಲ್ಲಿಗೆ ನಿಂತಿತು. ಕಣ್ಣು ನನ್ನನ್ನು ದಾಟಿ ಹೋಯಿತು.

ಗುಂಡಿ ಒತ್ತಿದೆ. ಹೊದಿಕೆ ಎಳೆದು ನೆಲಕ್ಕೆ ಹಾಕಿದೆ. ಬದಿಗೆ ಸರಿದು ನಿಂತೆ. ಅವಳ ಬಲಗೈ ಹಾಸಿಗೆಯ ಬಟ್ಟೆಯನ್ನು ಸವರತೊಡಗಿತು, ಮಡಚಿದ ಕಾಗದದ ಗೆರೆಯನ್ನು ಒತ್ತುವ ಹಾಗೆ, ಮತ್ತೆ ಮತ್ತೆ. ಎಡಗೈ ಮಾತ್ರ ಬೇರೆ ಯಾರದೋ ಎಂಬಂತೆ ಮೆಲ್ಲಗೆ ತಿರುಚಿಕೊಳ್ಳುತ್ತಿತ್ತು. ಮಣಿಕಟ್ಟು ಒಳಕ್ಕೆ ಬಗ್ಗಿತು, ಬೆರಳುಗಳು ಸೆಟೆದು ನಿಂತವು. ಅಷ್ಟು ವರ್ಷ ಆ ಕೈಯನ್ನು ನಾನು ನೋಡಿಯೇ ಇರಲಿಲ್ಲ. ಅದು ಯಾವಾಗಲೂ ಶಾಲಿನ ಕೆಳಗೆ ಇರುತ್ತಿತ್ತು.

ತಮ್ಮ ಸರಳು ಹಿಡಿದಿದ್ದ. ಅವನ ಗಂಟಲಿನಿಂದ ಸಣ್ಣ ಸದ್ದು ಬರುತ್ತಿತ್ತು. ಸರಳು ಅಲುಗುತ್ತಿತ್ತು. ಕೈ ಬಿಡಲಿಲ್ಲ.

ಕೈಗೆ ಸಿಕ್ಕಿದ ಚಮಚ ಎತ್ತಿ ಅವಳ ಮುಖದ ಮುಂದೆ ಹಿಡಿದೆ. ಚಮಚ ಅವಳ ಮೂಗಿಗೆ ತಾಗುವುದರಲ್ಲಿತ್ತು.

"ಇದೇನು? ಹೇಳು, ಇದೇನು?"

ತುಟಿ ಜಗಿಯುತ್ತಿತ್ತು. ಇನ್ನೊಮ್ಮೆ ಕೇಳಿದೆ.

"ಮುಟ್ಟಬೇಡಿ," ಎಂದಳು. "ಇನ್ನೂ ಒಣಗಿಲ್ಲ."

ದನಿ ಅವಳದೇ, ಆದರೆ ಪಕ್ಕದ ಮನೆಯಿಂದ ಬಂದ ಹಾಗಿತ್ತು. ಕಣ್ಣು ಗೋಡೆಯ ಮೇಲೆಯೇ ಇತ್ತು. ಒಂದೊಂದು ಅಕ್ಷರವೂ ಸ್ಪಷ್ಟ. ಅವಳು ಒಳಗೆ ಇಲ್ಲ ಎಂದುಕೊಂಡ ಹೊತ್ತಿನಲ್ಲಿ ಒಳಗಿನಿಂದ ಯಾರೋ ಉತ್ತರ ಕೊಟ್ಟಂತಿತ್ತು.

"ಇದು ಚಮಚ. ಚಮಚ ಅನ್ನು," ಎಂದೆ.

"ಚಮಚ. ಭಾರ ಇಡಿ, ಭಾರ ಇಡಿ ಮೇಲೆ," ಎಂದಳು.

ಅಷ್ಟರಲ್ಲಿ ಹುಡುಗಿ, ನರ್ಸು, ಡಾಕ್ಟರಮ್ಮ ಒಳಗೆ ಬಂದಿದ್ದರು. ನಾದಿನಿಯ ತಲೆ ಒಂದು ಬದಿಗೆ ತಿರುಗಿತು, ಕೂಗಿದಳು, ಇಡೀ ಮೈ ಸೆಟೆಯಿತು. ಆಮೇಲೆ ಜಗ್ಗಾಟ. ನಿಲ್ಲಲಿಲ್ಲ. ಹಾಸಿಗೆ ಗೋಡೆಗೆ ಬಡಿಯುತ್ತಿತ್ತು. ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡುತ್ತಿದ್ದರು. ನಾನು ಅವಳ ತುಟಿಯನ್ನು ನೋಡುತ್ತಿದ್ದೆ. ತುಟಿಯ ಅಂಚು ಬಣ್ಣ ತಿರುಗುವುದು ಕಂಡಿತು.

"ಕೊಡಿ," ಎಂದರು ಡಾಕ್ಟರಮ್ಮ.

ಬಿಳಿ ಬಟ್ಟೆ ಹಾರಿತು. ಸೂಜಿ ಹೋಯಿತು. ಜಗ್ಗಾಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಕೊನೆಗೆ ಒಂದು ಉದ್ದ ಉಸಿರು ಬಂತು. ಅದರ ಹಿಂದೆ ಇನ್ನೊಂದು ಬರುವವರೆಗೆ ಕೋಣೆಯಲ್ಲಿ ಯಾರೂ ಕದಲಲಿಲ್ಲ.

ತಮ್ಮನ ಕೈಯನ್ನು ಸರಳಿನಿಂದ ಬಿಡಿಸಲು ನರ್ಸು ಒಂದೊಂದು ಬೆರಳನ್ನೂ ಎತ್ತಬೇಕಾಯಿತು. ಅವನು ನನ್ನನ್ನು ನೋಡಿ ಕೇಳಿದ, "ಅಕ್ಕ, ಅವಳು ಮಾತಾಡಿದ್ಲು ಅಲ್ವಾ?"

"ಹೌದು."

"ಹಾಗಾದ್ರೆ ಇಷ್ಟು ವರ್ಷ ಶಾಲಿನ ಒಳಗೆ ಮಾತಾಡ್ತಾ ಇದ್ಲಾ? ಏನೋ ಗೊಣಗಿದ ಹಾಗೆ ಕೇಳಿಸ್ತಿತ್ತು. ನರಳ್ತಾಳೆ ಅಂದ್ಕೊಂಡು ಇನ್ನೂ ಬಿಗಿಯಾಗಿ ಮುಚ್ತಿದ್ದೆ. ನಾವು ಮೇಲೆ ನಿಂತು ಏನೇನೋ ಅನ್ನುತ್ತಿದ್ವಿ. ಅದೆಲ್ಲ ಅವಳಿಗೆ ಕೇಳಿಸ್ತಿತ್ತಾ ಅಕ್ಕ?"

ಅವಳು ಎದ್ದ ಮೇಲೆ ಕೇಳಿದೆವು. ಚಮಚ ಗೊತ್ತಿಲ್ಲ, ಒಣಗಿದ್ದು ಗೊತ್ತಿಲ್ಲ, ರಟ್ಟಿನ ಕಥೆ ಎಲ್ಲಿ ನಿಂತಿತೆಂದೂ ಗೊತ್ತಿಲ್ಲ.

ಸಂಜೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಫಿಟ್ಸ್ ನಡುವೆ ಮಾತಾಡಿದ್ದರಿಂದ, ಎಡಗೈ ತಿರುಚಿಕೊಂಡದ್ದರಿಂದ, ಅದು ಹುಟ್ಟುವುದು ಎಡಗೈಯನ್ನು ಆಡಿಸುವ ಮಿದುಳಿನ ಬಲಗಡೆಯಲ್ಲಿ ಎಂದು ತೋರುತ್ತದೆ, ತಂತಿಯ ಗೆರೆಗಳೂ ಅದನ್ನೇ ಹೇಳುತ್ತಿವೆ ಎಂದರು. ಇನ್ನೂ ಕೆಲವು ಪರೀಕ್ಷೆ ಮಾಡಿ ಮಾತು ಎಡಗಡೆಯಲ್ಲೇ ಇದೆ ಎಂದು ಗಟ್ಟಿ ಮಾಡಿಕೊಂಡು ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದು. ಆಪರೇಷನ್ ಆದ ಎಲ್ಲರಿಗೂ ಫಿಟ್ಸ್ ನಿಂತಿಲ್ಲ. ಕೆಲವರಿಗೆ ಕಣ್ಣಂಚಿನ ನೋಟ ಸ್ವಲ್ಪ ಹೋಗುತ್ತದೆ, ಕೆಲವರಿಗೆ ಮರೆವು ಹೆಚ್ಚುತ್ತದೆ. ಯಾವುದನ್ನೂ ಮುಚ್ಚಿಡದೆ ಹೇಳಿದರು.

ನಾದಿನಿ ಕೇಳಿದ್ದು ಬೇರೆ. "ಕ್ಯಾಮೆರಾದಲ್ಲಿ ಇರೋದನ್ನ ನಾನು ನೋಡಬಹುದಾ?"

"ಬೇಡ," ಎಂದ ತಮ್ಮ ತಕ್ಷಣ. "ಅದನ್ನ ನೀನು ನೋಡಬೇಡ."

"ಊರೆಲ್ಲ ನೋಡಿದೆ. ನಾನೊಬ್ಬಳೇ ನೋಡಿಲ್ಲ."

ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಅವಳನ್ನು ಕೂರಿಸಿದರು. ನಾನು ಅವಳ ಹಿಂದೆ ನಿಂತೆ, ತಮ್ಮ ಬಾಗಿಲ ಹತ್ತಿರ ನಿಂತ. ಪರದೆಯಲ್ಲಿ ಅವಳು ನಗುತ್ತಿದ್ದಳು, ನಿಂತಳು, ಬಟ್ಟೆ ಸವರಿದಳು. "ಮುಟ್ಟಬೇಡಿ, ಇನ್ನೂ ಒಣಗಿಲ್ಲ" ಎಂಬುದು ಕೇಳಿದಾಗ ಕುರ್ಚಿಯಲ್ಲಿದ್ದ ಅವಳ ಭುಜ ಕುಗ್ಗಿತು. ಜಗ್ಗಾಟ ಶುರುವಾದಾಗ ಬಾಯಿಗೆ ಕೈ ಇಟ್ಟುಕೊಂಡಳು. ಕಣ್ಣು ಮುಚ್ಚಿಕೊಳ್ಳುತ್ತಾಳೆಂದುಕೊಂಡೆ, ಮುಚ್ಚಲಿಲ್ಲ. ಆದರೆ ಅವಳ ನೋಟ ತನ್ನ ಮೇಲಿರಲಿಲ್ಲ. ಪರದೆಯ ಮೂಲೆಯಲ್ಲಿ, ಹಾಸಿಗೆಯ ಕಾಲಬದಿಯಲ್ಲಿ, ಸರಳು ಹಿಡಿದು ಕೂತಿದ್ದ ಗಂಡನ ಮುಖದ ಮೇಲಿತ್ತು. ಬಾಯಿ ಅರ್ಧ ತೆರೆದು, ಕೆನ್ನೆ ಒಳಕ್ಕೆ ಹೋಗಿ, ಬಾವಿಗೆ ಬೀಳುತ್ತಿರುವವನ ಮುಖದ ಹಾಗಿತ್ತು ಅದು.

"ಏನ್ರೀ," ಎಂದಳು ತಿರುಗದೆ. "ಇಷ್ಟು ಹೆದರ್ತೀರಾ ನೀವು?"

ಅವನು ಪರದೆಗೆ ಬೆನ್ನು ಮಾಡಿದ.

"ಎದ್ದಾಗಲೆಲ್ಲ ನಗ್ತಾ ಇರ್ತಿದ್ರಲ್ಲ. ಏನಿಲ್ಲ, ತಲೆ ಸುತ್ತು ಅಂತಿದ್ರಲ್ಲ." ಡಾಕ್ಟರಮ್ಮನ ಕಡೆ ತಿರುಗಿದಳು. "ತೆಗೆದುಬಿಡಿ ಡಾಕ್ಟ್ರೇ. ನನಗೇನೋ ನೆನಪೇ ಇರಲ್ಲ, ನಡೀತಿತ್ತು. ಈ ಮುಖ ಇಟ್ಕೊಂಡು ಇವರು ಇನ್ನೆಷ್ಟು ವರ್ಷ ವ್ಯಾನು ಓಡಿಸ್ತಾರೆ?"

ಆಪರೇಷನ್ನಿನ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಆ ದಿನವಿಡೀ ನಾವು ಕೂತಿದ್ದ ಬೆಂಚಿನ ಎದುರಿನ ಬಾಗಿಲು ತೆರೆದಾಗಲೆಲ್ಲ ಒಳಗಿನ ತಣ್ಣನೆಯ ಗಾಳಿ ಬಂದು ಕಾಲಿಗೆ ಬಡಿಯುತ್ತಿತ್ತು. ಹೊರಗೆ ತಂದಾಗ ತಲೆಗೆಲ್ಲ ಬಿಳಿ ಪಟ್ಟಿ, ಮುಖ ಊದಿತ್ತು. ಕಣ್ಣು ತೆರೆದಳು. ಗೋಡೆ ನೋಡಿದಳು. ಮಾತಿಲ್ಲ. ನರ್ಸು ಪೆನ್ನು ತೋರಿಸಿ "ಇದೇನಮ್ಮಾ?" ಎಂದಳು. ಮಾತಿಲ್ಲ. ನರ್ಸು ಮತ್ತೆ ಕೇಳಿದಳು.

"ಪೆನ್ನು," ಎಂದಳು ನಾದಿನಿ, ಒಣಗಿದ ಗಂಟಲಿನಲ್ಲಿ. "ಅಷ್ಟೂ ಗೊತ್ತಿಲ್ವಾ ನಿಮಗೆ?"

ಈಗ ಅವಳು ಮನೆಯಲ್ಲೇ ಇದ್ದಾಳೆ. ಅಂಗಡಿಯವರು ಫಾರಂಗಳನ್ನು ಮನೆಗೇ ತಂದುಕೊಡುತ್ತಾರೆ, ಮಡಚಿ ಹೊಲಿದು ಕೊಡುತ್ತಾಳೆ. ಕಟಿಂಗ್ ಮೆಷಿನ್ ಹತ್ತಿರ ಹೋಗಲು ಇನ್ನೂ ಬಿಟ್ಟಿಲ್ಲ. ಎಡಗಡೆಯಿಂದ ಯಾರಾದರೂ ಬಂದರೆ ತಡವಾಗಿ ಕಾಣುತ್ತದೆ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾಳೆ. ಅಧ್ಯಯನದವರು ಹೇಳಿದ ದಿನ ಆಸ್ಪತ್ರೆಗೆ ಹೋಗುತ್ತೇವೆ. ಡಾಕ್ಟರಮ್ಮ ಅವಳನ್ನು ಎಲ್ಲವನ್ನೂ ಕೇಳುತ್ತಾರೆ, ನಿದ್ದೆ, ಊಟ, ಮರೆವು. ಕೊನೆಯ ಪ್ರಶ್ನೆಯನ್ನು ಮಾತ್ರ ನಮ್ಮಿಬ್ಬರನ್ನು ನೋಡಿ ಕೇಳುತ್ತಾರೆ. "ಬಂದಿತ್ತಾ?" ಯಾಕೆಂದರೆ ಅದು ಬಂದು ಹೋದದ್ದು ಅವಳಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಇಲ್ಲ ಎನ್ನುತ್ತೇವೆ. ಇಲ್ಲಿಯವರೆಗೆ ಅದು ನಿಜ.

ಅವಳು ನಂಬುವುದಿಲ್ಲ. ಸಂಜೆ ತಮ್ಮ ವ್ಯಾನು ನಿಲ್ಲಿಸಿ ಒಳಗೆ ಬಂದು ನನ್ನ ಜೊತೆ ಒಂದು ಮಾತಾಡಿ ಕೂತ ಮೇಲೆ, ಸೂಜಿ ದಾರ ಪಕ್ಕಕ್ಕಿಟ್ಟು ಕೇಳುತ್ತಾಳೆ.

"ಇವತ್ತು?"

"ಇಲ್ಲ," ಎನ್ನುತ್ತಾನೆ ಅವನು.

"ಬಂದಿದ್ರೂ ನೀವು ಇಲ್ಲ ಅಂತಾನೇ ಅಂತೀರಿ. ಮುಚ್ಚೋದು ನಿಮ್ಮಿಬ್ಬರಿಗೂ ಅಭ್ಯಾಸ ಆಗಿಹೋಗಿದೆ."

"ದೇವರಾಣೆ ಇಲ್ಲ."

ಆಗ ಅವಳು ಅಂಟು ಮೆತ್ತಿದ ಬೆರಳುಗಳಿಂದ ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತಾಳೆ. ಪರದೆಯಲ್ಲಿ ಕಂಡ ಆ ಇನ್ನೊಂದು ಮುಖ ಇದರ ಕೆಳಗೆ ಎಲ್ಲಾದರೂ ಇದೆಯೇ ಎಂದು ಕೆನ್ನೆ, ಬಾಯಿ, ಕಣ್ಣು ಎಲ್ಲವನ್ನೂ ಹುಡುಕುತ್ತಾಳೆ. ಅವನು ಉಸಿರು ಹಿಡಿದು ಕೂತಿರುತ್ತಾನೆ. ನಾನೂ ಅಲ್ಲೇ ನಿಂತು ಅವನ ಮುಖವನ್ನೇ ನೋಡುತ್ತೇನೆ. ಬೆಳಿಗ್ಗೆ ಅವರಿಬ್ಬರೇ ಇದ್ದಾಗ, ನಾನು ಅಡುಗೆಮನೆಯಲ್ಲಿದ್ದ ಹೊತ್ತಿನಲ್ಲಿ ಏನಾಯಿತೋ ನನಗೂ 
ಗೊತ್ತಿರುವುದಿಲ್ಲ.